ಹಳೇ ಕಾಂಟೆಸ್ಸಾದ ಏಸಿಗೆ ಈಗ ಯಾವ ಗ್ಯಾಸ್?

ನಿಮ್ಮದು 1991ರ ಕಾಂಟೆಸ್ಸಾ ಕಾರು, ಕಾಸರಗೋಡಿನಲ್ಲಿದೆ, ಏಸಿ ತಂಪು ಮಾಡುವುದು ಆರ್-12 ಗ್ಯಾಸಿನಿಂದ ಅಂದಿರಿ. ಓಜೋನ್ ಪದರಕ್ಕೆ ಕುತ್ತು ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಆ ಗ್ಯಾಸಿನ ತಯಾರಿಕೆ ಹಂತಹಂತವಾಗಿ ನಿಂತಿತು. ಈಗ ಆರ್-134ಎ ಹಾಕಿಸಿ.

ಆದರೆ ಸುಮ್ನೆ ಗ್ಯಾಸ್ ಬದಲಿಸಿದರೆ ಸಾಲದು. ಕಂಪ್ರೆಸರಿನಲ್ಲಿ (ಗ್ಯಾಸನ್ನು ಒತ್ತುವ ಭಾಗ) ಇರುವ ಹಳೇ ಮಿನರಲ್ ಆಯಿಲ್ ಈ ಗ್ಯಾಸಿನ ಜೊತೆ ಬೆರೆಯುವುದಿಲ್ಲ. ಆಯಿಲ್ ವಾಪಸ್ ಬರದೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಹಳೆಯದನ್ನು ಬಸಿದು, ಈ ಗ್ಯಾಸಿನ ಜೊತೆ ಬೆರೆಯುವ ಎಸ್ಟರ್ ಆಯಿಲ್ ಹಾಕಿಸಿ. ಡ್ರೈಯರ್ (ತೇವ ಹೀರುವ ಡಬ್ಬಿ), ಪೈಪಿನ ಜೋಡಣೆಯ ರಬ್ಬರ್ ಓ-ರಿಂಗುಗಳೂ ಹೊಸದೇ ಇರಲಿ.

ನಮ್ಮ ಮಳೆಗಾಲದಲ್ಲಿ ಪೈಪ್ ಬಿಚ್ಚಿಟ್ಟು ಚಾ ಕುಡಿಯಲು ಹೋಗುವ ಮೆಕ್ಯಾನಿಕ್ ಬೇಡವೇ ಬೇಡ! ಎಸ್ಟರ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಳಗಿನ ಗಾಳಿ, ತೇವ ಎಳೆಯಲು ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್ ಓಡಿಸಿ, ಅದನ್ನು ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ನಿಂತಲ್ಲೇ ನಿಲ್ಲುತ್ತದಾ ನೋಡಿ. ಮೇಲೆ ಬಂದರೆ ಲೀಕ್ ಇದೆ ಅಂತ.

ಗ್ಯಾಸನ್ನು ತೂಕ ಮಾಡಿಯೇ ತುಂಬಿಸಬೇಕು. ಮೊದಲು 1 ಕಿಲೋ ಹಿಡಿಯುತ್ತಿದ್ದರೆ ಈಗ 800–850 ಗ್ರಾಂ ಸಾಕು. ಒಳಗಿನ ಗ್ಯಾಸ್ ಕಾಣುವ ಪುಟ್ಟ ಗಾಜಿನ ಕಿಂಡಿಯಲ್ಲಿ ಗುಳ್ಳೆ ಮಾಯವಾಗುವ ತನಕ ತುಂಬಿಸಿದರೆ ಪ್ರೆಶರ್ ಜಾಸ್ತಿಯಾಗುತ್ತದೆ. ತಂಪು ಮೊದಲಿಗಿಂತ ಸ್ವಲ್ಪ ಕಡಿಮೆಯೇ, ಅದಕ್ಕೆ ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿಗೆ ಒಳ್ಳೆ ಫ್ಯಾನ್ ಬೇಕು. ಉಪ್ಪುಗಾಳಿಗೆ ಅದರ ರೆಕ್ಕೆಗಳು ಹುಡಿಯಾಗಿದ್ದರೆ ಕಂಡೆನ್ಸರನ್ನೇ ಬದಲಿಸಿ.

ಅಡುಗೆ ಗ್ಯಾಸಿನ ಜಾತಿಯದ್ದನ್ನು ಅಗ್ಗ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಲೀಕ್ ಆದರೆ ಕಾರಿನೊಳಗೇ ಬೆಂಕಿ ಹತ್ತಬಹುದು. ಕೆಲಸ ಶುರು ಮಾಡುವ ಮೊದಲೇ ಉಳಿದ ಆರ್-12 ಅನ್ನು ಗಾಳಿಗೆ ಬಿಡದೆ ಮೆಷಿನ್‌ನಿಂದ ಸಿಲಿಂಡರಿಗೆ ಎಳೆಸಿ. ಕೈಗವಸು, ಕನ್ನಡಕ ಇರಲಿ. ಗ್ಯಾಸಿನ ದ್ರವ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ.