‘ಬರೀ ಆಟ’ ಆಡುವ ಮಗ

ನಿಮ್ಮ ಪತ್ರ ಎರಡು ಸಲ ಓದಿದೆ. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಮಗನಿಗೆ ನಾಲ್ಕು ವರ್ಷ, ಅವನು ಹೋಗುವ ಶಿಶುವಿಹಾರದಲ್ಲಿ ದಿನವೆಲ್ಲ ಆಟವೇ. ಪಕ್ಕದ ಮನೆಯ ಹುಡುಗಿಗೂ ನಾಲ್ಕೇ ವರ್ಷ, ಅವಳು ಆಗಲೇ ನೂರರವರೆಗೆ ಬರೆಯುತ್ತಾಳೆ. ಇವನ ಕೈಗೆ ಪೆನ್ಸಿಲ್ ಕೊಟ್ಟರೆ ಎರಡೇ ನಿಮಿಷಕ್ಕೆ ಎದ್ದು ಓಡುತ್ತಾನೆ. ಆದರೆ ರಟ್ಟಿನ ಪೆಟ್ಟಿಗೆಯನ್ನು ಬಸ್ಸು ಮಾಡಿಕೊಂಡು, ಗೊಂಬೆಗಳನ್ನೆಲ್ಲ ಕೂರಿಸಿ, ಕಾಗದ ಹರಿದು ಒಬ್ಬೊಬ್ಬರಿಗೂ ಟಿಕೆಟ್ ಕೊಡುತ್ತಾ ಒಂದು ಗಂಟೆ ಕಳೆಯುತ್ತಾನೆ. ‘ಶಾಲೆ ಬದಲಿಸಬೇಕಾ?’ ಅಂತ ಕೇಳಿದ್ದೀರಿ.

ಬೇಡ.

ನಿಮ್ಮ ಪತ್ರದಲ್ಲಿ ನೀವು ದೂರಿನ ಹಾಗೆ ಬರೆದ ಆ ಬಸ್ಸೇ ನಿಮ್ಮ ಪ್ರಶ್ನೆಗೆ ಉತ್ತರ. ಒಂದು ಗೊಂಬೆಗೆ ಒಂದು ಟಿಕೆಟ್, ಇನ್ನೊಂದಕ್ಕೆ ಇನ್ನೊಂದು, ಯಾರಿಗೂ ಎರಡಿಲ್ಲ, ಯಾರೂ ಬಿಟ್ಟುಹೋಗಿಲ್ಲ. ಎಣಿಕೆಯ ಬೇರು ಇರುವುದು ಇಲ್ಲೇ. ಒಂದು, ಎರಡು, ಮೂರು ಅಂತ ಪಾಠ ಒಪ್ಪಿಸುವುದು ಬೇರೆ, ‘ಏಳು ಚಮಚ ತಗೊಂಡು ಬಾ’ ಅಂದಾಗ ಸರಿಯಾಗಿ ಏಳೇ ತರುವುದು ಬೇರೆ. ಬಾಯಲ್ಲಿ ಇಪ್ಪತ್ತರವರೆಗೆ ಹೇಳುವ ಎಷ್ಟೋ ಚಿಕ್ಕ ಮಕ್ಕಳು ಐದು ಚಮಚ ಕೇಳಿದರೆ ಒಂದು ಹಿಡಿ ತಂದುಕೊಡುತ್ತಾರೆ. ಪಕ್ಕದ ಮನೆಯ ಹುಡುಗಿಯನ್ನು ಹೀಗೆ ಪರೀಕ್ಷೆ ಮಾಡಲು ಹೋಗಬೇಡಿ ಮತ್ತೆ! ಅವಳಿಗೆ ಎರಡೂ ಬರುತ್ತಿರಬಹುದು, ಒಳ್ಳೆಯದೇ. ನಿಮ್ಮ ಮಗನನ್ನು ಸುಮ್ನೆ ಒಂದು ಸಲ ಕೇಳಿ ನೋಡಿ, ಅಷ್ಟೇ.

ಇನ್ನು ಎರಡು ನಿಮಿಷಕ್ಕೆ ಎದ್ದು ಓಡುವ ವಿಷಯ. ‘ಇವನಿಗೆ ಏಕಾಗ್ರತೆಯೇ ಇಲ್ಲ’ ಅಂದಿದ್ದೀರಿ. ಒಂದು ಗಂಟೆ ಬಸ್ಸು ಓಡಿಸಿದವನಿಗೆ ಏಕಾಗ್ರತೆ ಇಲ್ಲ ಅನ್ನುವುದು ಹೇಗೆ? 1940ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಸಂಶೋಧಕಿ ಮನುಯ್ಲೆಂಕೊ ಒಂದು ಸರಳ ಪ್ರಯೋಗ ಮಾಡಿದರು. ಮಕ್ಕಳಿಗೆ ‘ಅಲ್ಲಾಡದೆ ನಿಂತ್ಕೋ’ ಅಂದರೆ ಸ್ವಲ್ಪ ಹೊತ್ತಿಗೇ ಕೈಕಾಲು ಆಡಿಸಿಬಿಡುತ್ತಿದ್ದರು. ಅದೇ ಮಕ್ಕಳಿಗೆ ‘ನೀನು ಕಾರ್ಖಾನೆ ಕಾಯುವ ಕಾವಲುಗಾರ’ ಅಂದಾಗ ಅದಕ್ಕಿಂತ ತುಂಬಾ ಜಾಸ್ತಿ ಹೊತ್ತು ನಿಂತರು. ಆಟದಲ್ಲಿ ಮಗು ತನ್ನ ಮೇಲೆ ತಾನೇ ನಿಯಮ ಹೇರಿಕೊಳ್ಳುತ್ತದೆ. ಡ್ರೈವರ್ ಆದವನು ಸ್ಟಾಪ್ ಬರುವ ತನಕ ಇಳಿಯುವ ಹಾಗಿಲ್ಲ, ಇಳಿಯಬೇಕು ಅನ್ನಿಸಿದರೂ. ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ಈ ಅಭ್ಯಾಸವೇ ಮುಂದೆ ತರಗತಿಯಲ್ಲಿ ಕೂರುವಾಗ ಬೇಕಾಗುವುದು.

ಪೆನ್ಸಿಲ್ಲಿಗೆ ಬೇರೆ ಕಾರಣವೂ ಇದೆ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಬರೀ ಮೃದ್ವಸ್ಥಿ, ಆಮೇಲೆ ವರ್ಷಗಟ್ಟಲೆ ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ನಾಲ್ಕು ವರ್ಷಕ್ಕೆ ಆ ಕೆಲಸ ಮುಗಿದಿರುವುದಿಲ್ಲ. ಬೆರಳುಗಳಿಗೂ ಇನ್ನೂ ಬಲ, ಹಿಡಿತ ಬರಬೇಕು. ಮಣ್ಣು ಹಿಸುಕುವುದು, ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯುವುದು, ಕಾಗದ ಹರಿಯುವುದು (ಹೌದು, ಟಿಕೆಟ್ಟೇ) ಬರವಣಿಗೆಗೆ ಕೈ ಪಳಗಿಸುವ ಕೆಲಸಗಳೇ.

ಇದೆಲ್ಲ ಈಗಿನ ಹೊಸ ಫ್ಯಾಷನ್ ಅಂತ ನಿಮ್ಮ ಮನೆಯ ಹಿರಿಯರು ಹೇಳುತ್ತಾರಂತೆ. ಜರ್ಮನಿಯ ಫ್ರೋಬೆಲ್ ಚಿಕ್ಕ ಮಕ್ಕಳಿಗೆ ಚೆಂಡು, ಮರದ ತುಂಡು ಕೊಟ್ಟು ಕಲಿಸುವ ಸಂಸ್ಥೆ ಶುರು ಮಾಡಿದ್ದು 1837ರಲ್ಲಿ. ಕಿಂಡರ್‌ಗಾರ್ಟನ್ ಅನ್ನುವ ಹೆಸರಿಟ್ಟವರೂ ಅವರೇ. ಫಿನ್‌ಲ್ಯಾಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಹೋಗುವುದೇ ಏಳನೇ ವರ್ಷಕ್ಕೆ. ಆ ಮಕ್ಕಳೇನೂ ಓದಿನಲ್ಲಿ ಹಿಂದೆ ಬಿದ್ದವರಲ್ಲ.

ಆದರೆ ಆಟದ ಪರ ಮಾತಾಡುವವರ ಜೊತೆಗೂ ನನಗೆ ಒಂದು ಜಗಳವಿದೆ. ಆಟದಿಂದ ಕಲಿಯುತ್ತಾರೆ ಅಂತ ಗೊತ್ತಾದ ಕೂಡಲೇ ನಾವು ಆಟವನ್ನೂ ಪಾಠ ಮಾಡಿಬಿಡುತ್ತೇವೆ. ನಾನೂ ಮಾಡಿದ್ದೇನೆ. ಮಗಳು ಬ್ಲಾಕ್ ಜೋಡಿಸುತ್ತಾ ಏನೋ ಗೊಣಗಿಕೊಳ್ಳುತ್ತಿದ್ದಳು. ನಾನು ಪಕ್ಕ ಕೂತು ‘ಇದು ಯಾವ ಬಣ್ಣ? ಒಟ್ಟು ಎಷ್ಟಿವೆ?’ ಅಂದೆ. ಉತ್ತರ ಹೇಳಿ ಎದ್ದುಹೋದಳು, ಗೋಪುರ ಅರ್ಧಕ್ಕೇ ನಿಂತಿತು. ಗುಂಡಿ ಒತ್ತಿದರೆ ಹಾಡುವ ದುಬಾರಿ ‘ಕಲಿಕಾ ಆಟಿಕೆ’ಗಳೂ ಹೀಗೇ: ಆಡುವ ಕೆಲಸವನ್ನು ಆಟಿಕೆಯೇ ಮಾಡಿಬಿಡುತ್ತದೆ, ಮಗು ನೋಡುತ್ತಾ ಕೂರಬೇಕು. ರಟ್ಟಿನ ಪೆಟ್ಟಿಗೆ ಏನೂ ಮಾಡುವುದಿಲ್ಲ, ಅದಕ್ಕೇ ಅದು ಬಸ್ಸೂ ಆಗುತ್ತದೆ, ದೋಣಿಯೂ ಆಗುತ್ತದೆ.

ಅಕ್ಷರವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಲಗುವಾಗ ಕಥೆ ಓದಿ ಹೇಳಿ, ಪ್ರಾಸದ ಹಾಡು ಹಾಡಿ. ಅವನಾಗಿ ‘ಇದೇನು ಬರೆದಿದೆ?’ ಅಂತ ಕೇಳಿದರೆ ಹೇಳಿ. ಮಗು ಈ ವಯಸ್ಸಿನಲ್ಲಿ ನಟನೆಯ ಆಟ ಆಡುವುದೇ ಇಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಯಾರ ಜೊತೆಯೂ ಬೆರೆಯುವುದಿಲ್ಲ ಅಂತಿದ್ದರೆ ವೈದ್ಯರಿಗೆ ತೋರಿಸಿ ಅನ್ನುತ್ತಿದ್ದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಬಸ್ಸಿಗೆ ಇನ್ನೂ ಬೋರ್ಡ್ ಇಲ್ಲ ಅಲ್ವಾ? ನಾಳೆ ನೀವೂ ಒಂದು ಟಿಕೆಟ್ ತಗೊಂಡು ಕೂತು, ‘ಈ ಬಸ್ಸು ಎಲ್ಲಿಗೆ ಹೋಗುತ್ತೆ?’ ಅಂತ ಕೇಳಿ. ಹತ್ತಿರದಲ್ಲಿ ಒಂದು ದಪ್ಪ ಕ್ರೇಯಾನ್ ಬಿದ್ದಿರಲಿ, ತಗೋ ಬರಿ ಅಂತ ಮಾತ್ರ ಹೇಳಬೇಡಿ.