ಅಕ್ಕನಿಗೆ ನಿಧಾನ, ತಂಗಿಗೆ ಅವಸರ

ಶಿವಮೊಗ್ಗದಿಂದ ಬರೆದ ಸೋದರಿಗೆ ನಮಸ್ಕಾರ.

ನಿಮ್ಮ ಕಾಗದದ ಸಾರ ಉಳಿದ ಓದುಗರಿಗೂ ತಿಳಿದಿರಲಿ. ನೀವು ಮೂವರು ಮಕ್ಕಳನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿದ್ದೀರಿ. ದೊಡ್ಡವಳಿಗೆ 13, ನಡುವಿನವನಿಗೆ 10, ಕಿರಿಯವಳಿಗೆ 6. ಹಿಂದೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ನೀವು ಜಪಾನಿ ಕಲಿತು ಆ ಭಾಷೆಯ ಸಾಮರ್ಥ್ಯ ಪರೀಕ್ಷೆಯಲ್ಲಿ ಎರಡನೇ ಮೆಟ್ಟಿಲಾದ ಎನ್4 ಪಾಸಾಗಿದ್ದಿರಿ. ಆ ಭಾಷೆ ಮಕ್ಕಳಿಗೂ ಬರಲಿ ಎಂದು ಜೂನ್‌ನಿಂದ ಪ್ರತಿ ಶನಿವಾರ ಎರಡು ಗಂಟೆ ಮೂವರನ್ನೂ ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಿದ್ದೀರಿ. ಈಗ ದೊಡ್ಡವಳು ಆಕಳಿಸುತ್ತಾಳೆ, ನಡುವಿನವನು ಜಪಾನಿಯ ಮೊದಲ ಲಿಪಿಯಾದ ಹಿರಗಾನದ ಅಕ್ಷರಗಳಲ್ಲೇ ಸಿಕ್ಕಿಕೊಂಡಿದ್ದಾನೆ, ಕಿರಿಯವಳು ಅರ್ಧ ಗಂಟೆಗೆಲ್ಲ ಅತ್ತು ಎದ್ದುಹೋಗುತ್ತಾಳೆ. ಮೂವರಿಗೂ ಬೇರೆಬೇರೆ ಪಾಠ ಮಾಡಬೇಕೇ, ಮಾಡಿದರೆ ಗಣಿತಕ್ಕೆ ಹೊತ್ತೆಲ್ಲಿ ಎಂದು ಕೇಳಿದ್ದೀರಿ. ‘ಚಿಕ್ಕ ಮಕ್ಕಳೇ ಭಾಷೆ ಬೇಗ ಕಲಿಯುತ್ತಾರೆ ಅಂತಾರಲ್ಲ, ನನ್ನವಳಿಗೇನಾಗಿದೆ?’ ಎಂದೂ ಬರೆದಿದ್ದೀರಿ.

ಅವಳಿಗೆ ಏನೂ ಆಗಿಲ್ಲ. ಚಿಕ್ಕವರೇ ಬೇಗ ಕಲಿಯುತ್ತಾರೆ ಎಂಬುದು ಬೀದಿಯಲ್ಲಿ ಆಡುತ್ತಾ, ದಿನವಿಡೀ ಆ ಭಾಷೆಯನ್ನೇ ಕೇಳುತ್ತಾ ಬೆಳೆಯುವ ಮಕ್ಕಳ ಮಟ್ಟಿಗೆ, ಅದೂ ಬಹಳ ವರ್ಷ ಕಳೆದ ಮೇಲೆ ನಿಜವಾಗುವ ಮಾತು. ಮೊದಲ ವರ್ಷದ ಕಥೆಯೇ ಬೇರೆ. ನೆದರ್‌ಲ್ಯಾಂಡ್ಸ್‌ಗೆ ಹೋಗಿ ನೆಲೆಸಿದ ಇಂಗ್ಲಿಷ್ ಮನೆಮಾತಿನವರು ಡಚ್ ಕಲಿಯುವುದನ್ನು ಸ್ನೋ ಮತ್ತು ಹೂಫ್‌ನಾಗೆಲ್-ಹೋಲೆ ಎಂಬಿಬ್ಬರು ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದರು. ಎಲ್ಲರಿಗಿಂತ ಮುಂದಿದ್ದವರು 12ರಿಂದ 15ರ ವಯಸ್ಸಿನವರು. ಹಿಂದುಳಿದವರು 3ರಿಂದ 5ರ ಪುಟಾಣಿಗಳು. ಬಾರ್ಸಿಲೋನಾದಲ್ಲಿ ಕಾರ್ಮೆನ್ ಮುನ್ಯೋಸ್ ಮತ್ತು ಸಂಗಡಿಗರು ಶಾಲೆಯಲ್ಲಷ್ಟೇ ಇಂಗ್ಲಿಷ್ ಕೇಳುವ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅಷ್ಟೇ ಗಂಟೆಗಳ ಪಾಠವಾದ ಮೇಲೆ 8ಕ್ಕೆ ಶುರು ಮಾಡಿದವರಿಗಿಂತ 11ಕ್ಕೆ ಶುರು ಮಾಡಿದವರೇ ಮುಂದಿದ್ದರು. ನಿಮ್ಮ ಮನೆ ಈ ಎರಡನೆಯ ಥರದ್ದು. ದೊಡ್ಡವಳು ಓಡುವುದು ಸಹಜ, ಕಿರಿಯವಳು ಹಿಂದುಳಿಯುವುದೂ ಸಹಜ. ಇಬ್ಬರನ್ನೂ ಒಂದೇ ಪುಟದಲ್ಲಿ ಇರಿಸಬೇಕು ಎಂಬ ಹಟವೇ ಶನಿವಾರದ ಅಳುವಿಗೆ ಕಾರಣ.

ಹಾಗಂತ ಮೂರು ಪಾಠ ಬೇಡ. ಕಿವಿ ಮತ್ತು ಬಾಯಿಯ ಪಾಠ ಮೂವರಿಗೂ ಒಂದೇ ಇರಲಿ, ಕಣ್ಣು ಮತ್ತು ಕೈಯ ಪಾಠ ಬೇರೆಬೇರೆಯಾಗಲಿ. ಮಾತಿನಲ್ಲಿ ಆರು ವರ್ಷದವಳು ಅಕ್ಕನ ಜೊತೆ ಸರಿಸಮ ನಿಲ್ಲಬಲ್ಲಳು. ಬರವಣಿಗೆಯಲ್ಲಿ ನಿಲ್ಲಲಾರಳು, ನಿಲ್ಲಬೇಕಾಗಿಯೂ ಇಲ್ಲ.

ಒಟ್ಟಿಗಿನ ಪಾಠಕ್ಕೆ ದಿನಕ್ಕೆ 20 ನಿಮಿಷ ಸಾಕು, ವಾರಕ್ಕೆ ಐದು ದಿನ. ತಿಂಡಿ ತಿನ್ನುವಾಗಲೋ ಸಂಜೆ ದೀಪ ಹಚ್ಚುವ ಹೊತ್ತಿಗೋ ಇಟ್ಟುಕೊಳ್ಳಿ. ಇಲ್ಲಿ ನಿಮ್ಮ ಕೈಯಲ್ಲಿ ಒಂದು ಸಂಪತ್ತಿದೆ, ನೀವು ಅದನ್ನು ಬಳಸುತ್ತಿಲ್ಲ ಎಂದು ಕಾಗದ ಓದಿದಾಗ ಅನ್ನಿಸಿತು. ನಿಮ್ಮ ಪುಸ್ತಕ ಇಂಗ್ಲಿಷಿನಲ್ಲಿದೆ, ಆದ್ದರಿಂದ ಪಾಠವನ್ನೂ ಇಂಗ್ಲಿಷಿನ ಮೂಲಕ ಹೇಳುತ್ತಿದ್ದೀರಿ. ಕನ್ನಡದ ಮೂಲಕ ಹೇಳಿ ನೋಡಿ. ‘ವತಶಿ ವ ಮಿಸೆ ನಿ ಇಕಿಮಸು’ ಎಂದರೆ ‘ನಾನು ಅಂಗಡಿಗೆ ಹೋಗುತ್ತೇನೆ’. ನಮ್ಮ ‘ಗೆ’ ಕೂರುವ ಜಾಗದಲ್ಲೇ ಅವರ ‘ನಿ’ ಕೂತಿದೆ, ಕ್ರಿಯಾಪದ ನಮ್ಮಲ್ಲಿರುವಂತೆಯೇ ಕೊನೆಗೆ ಬಂದಿದೆ. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ಈ ಪದಕ್ರಮ ಕನ್ನಡದ ಮಗುವಿಗೆ ಹುಟ್ಟಿನಿಂದ ಬಂದದ್ದು.

ಹ್ರಸ್ವ ದೀರ್ಘಗಳೂ ಹಾಗೆಯೇ. ‘ಒಜಿಸಾನ್’ ಎಂದರೆ ಚಿಕ್ಕಪ್ಪನೋ ಮಾವನೋ ಆಗುತ್ತಾನೆ, ‘ಒಜೀಸಾನ್’ ಎಂದರೆ ಅಜ್ಜ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ‘ಕತೆ’ ಮತ್ತು ‘ಕತ್ತೆ’ಯ ವ್ಯತ್ಯಾಸ ಗೊತ್ತಿರುವ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ದಬದಬ, ಪಿಸಪಿಸಗಳಂಥ ಜೋಡಿಪದಗಳು ಜಪಾನಿಯಲ್ಲೂ ರಾಶಿ ಇವೆ: ಎದೆ ಹೊಡೆದುಕೊಂಡರೆ ‘ದೊಕಿದೊಕಿ’, ಖುಷಿಯ ಕಾತರಕ್ಕೆ ‘ವಕುವಕು’. ಕಿರಿಯವಳನ್ನು ಇವುಗಳ ಯಜಮಾನಿ ಮಾಡಿ. ದಿನಕ್ಕೊಂದು ಶಬ್ದ ಅವಳೇ ಅಭಿನಯಿಸಲಿ, ಅಕ್ಕ ಅಣ್ಣ ಊಹಿಸಲಿ. ಈ ಆಟದಲ್ಲಿ ಗೆಲ್ಲುವವಳು ಅವಳೇ.

ಇನ್ನು ಅಕ್ಷರದ ವಿಷಯ. ನಿಮ್ಮ ಮನೆಯ ಜಗಳವೆಲ್ಲ ಇರುವುದು ಇಲ್ಲೇ.

ಕಿರಿಯವಳ ಕೈಯಿಂದ ಪೆನ್ಸಿಲ್ ತೆಗೆದುಬಿಡಿ. ಅವಳು ಇನ್ನೂ ಕನ್ನಡದ ಕಾಗುಣಿತದಲ್ಲಿದ್ದಾಳೆ ಎಂದು ನೀವೇ ಬರೆದಿದ್ದೀರಿ. ಅದು ಗಟ್ಟಿಯಾಗುವವರೆಗೆ ಇನ್ನೊಂದು ಲಿಪಿ ಬೇಡ. ಅವಳಿಗೆ ಕಾಂಜಿಯ, ಅಂದರೆ ಚೀನಾದಿಂದ ಬಂದ ಪದಾಕ್ಷರಗಳ, ಚಿತ್ರಗಳನ್ನು ತೋರಿಸಿ ಬರೆಸುತ್ತಿದ್ದೀರಂತೆ. ಮನೆಮಾತೇ ಜಪಾನಿಯಾಗಿರುವ ಮಕ್ಕಳಿಗೂ ಅಲ್ಲಿನ ಒಂದನೇ ತರಗತಿಯಲ್ಲಿ ಇಡೀ ವರ್ಷಕ್ಕೆ ಕಲಿಸುವುದು 80 ಕಾಂಜಿ, ಆರು ವರ್ಷಗಳ ಪ್ರಾಥಮಿಕ ಶಾಲೆ ಮುಗಿಯುವಾಗ 1,026. ನಮಗೇನು ಗಡಿಬಿಡಿ?

ನಡುವಿನವನ ಕಷ್ಟ ಬೇರೆ. ಹಿರಗಾನದ 46 ಅಕ್ಷರಗಳನ್ನು ಒಂದೇ ಪಟ್ಟಿಯಾಗಿ ಅವನ ಮುಂದಿಟ್ಟಿದ್ದೀರಿ. ವಾರಕ್ಕೊಂದು ಸಾಲು ಕೊಡಿ, ಐದೇ ಅಕ್ಷರ. ಎರಡೂವರೆ ತಿಂಗಳಲ್ಲಿ ಮುಗಿಯುತ್ತದೆ. ಮುಗಿಯುವವರೆಗೆ ಓದಲು ಕಾಯಿಸಬೇಡಿ. ಮೊದಲ ಮೂರು ಸಾಲು ಬಂದರೆ ‘ಇಸು’ (ಕುರ್ಚಿ), ‘ಉಶಿ’ (ದನ), ‘ಕಸ’ (ಕೊಡೆ) ಓದಬಲ್ಲ. ಕೊಡೆಗೆ ಕಸ ಎನ್ನುತ್ತಾರೆಂದು ತಿಳಿದ ಹುಡುಗ ಆ ಅಕ್ಷರಗಳನ್ನು ಜನ್ಮದಲ್ಲಿ ಮರೆಯುವುದಿಲ್ಲ. ಕಲಿತ ಪದಗಳನ್ನು ಚೀಟಿಗಳಲ್ಲಿ ಬರೆದು ಚಪ್ಪಲಿ ಡಬ್ಬದಲ್ಲಿ ಮೂರು ಖಾನೆ ಮಾಡಿ ಹಾಕಿಡಿ. ಸರಿ ಹೇಳಿದ ಚೀಟಿ ಹಿಂದಿನ ಖಾನೆಗೆ ಹೋಗಿ ತಡವಾಗಿ ಬರಲಿ, ತಪ್ಪಿದ್ದು ಮೊದಲ ಖಾನೆಗೆ ಮರಳಿ ಮಾರನೇ ದಿನವೇ ಬರಲಿ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕ ಎಪ್ಪತ್ತರ ದಶಕದಲ್ಲಿ ಹೇಳಿಕೊಟ್ಟ ಉಪಾಯ ಇದು, ಪದ ಕಲಿಸುವ ಇಂದಿನ ಎಷ್ಟೋ ಮೊಬೈಲ್ ಆ್ಯಪ್‌ಗಳ ಬೆನ್ನೆಲುಬೂ ಇಂಥದ್ದೇ. ವಾರಕ್ಕೊಮ್ಮೆ ಎರಡು ಗಂಟೆ ಕೂರಿಸಿದರೆ ಆರು ದಿನ ಮರೆಯುವುದಕ್ಕೆ ರಜೆ ಕೊಟ್ಟಂತೆ.

ದೊಡ್ಡವಳಿಗೆ ಹಿರಗಾನ, ಕತಕಾನ ಎರಡು ಲಿಪಿಯನ್ನೂ ಒಂದೂವರೆ ತಿಂಗಳಲ್ಲಿ ಮುಗಿಸಲು ಬಿಡಿ. ಅವಳ ಆಕಳಿಕೆಗೆ ಔಷಧವಾಗಿ ಒಂದು ವಿಷಯ ಹೇಳಿ. ಜಪಾನಿ ಅಕ್ಷರಗಳ ಸಾಲನ್ನು ಗಮನಿಸಲಿ: ಅ, ಕ, ಸ, ತ, ನ, ಹ, ಮ, ಯ, ರ, ವ. ಇದು ಬಹುಮಟ್ಟಿಗೆ ನಮ್ಮ ವರ್ಣಮಾಲೆಯ ಕ್ರಮವೇ. ಬೌದ್ಧ ಭಿಕ್ಷುಗಳ ಸಂಸ್ಕೃತಾಭ್ಯಾಸದ ಮೂಲಕ ಜಪಾನಿಗೆ ಹೋದದ್ದು. ಹಾಗಾದರೆ ‘ಪ’ ಇರಬೇಕಾದ ಜಾಗದಲ್ಲಿ ‘ಹ’ ಏಕಿದೆ? ಹಿಂದೆ ಆ ಸಾಲನ್ನು ‘ಪ’ ಎಂದೇ ಉಚ್ಚರಿಸುತ್ತಿದ್ದರು, ಕಾಲಾಂತರದಲ್ಲಿ ‘ಹ’ ಆಯಿತು. ನಮ್ಮ ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಗಲಿಲ್ಲವೇ? ಎರಡಕ್ಕೂ ಪರಸ್ಪರ ಸಂಬಂಧವಿಲ್ಲ, ಆದರೂ ಬದಲಾದ ರೀತಿ ಒಂದೇ. ಹದಿಮೂರರ ತಲೆಗೆ ಬೇಕಾದ ಮೇವು ಇಂಥದ್ದು. ತಮ್ಮ ತಂಗಿಯರ ಜೊತೆ ‘ಕೊನ್ನಿಚಿವಾ’ ಎಂದು ಇಪ್ಪತ್ತನೇ ಸಲ ಹೇಳುವುದಲ್ಲ.

ಅವಳನ್ನು ಮೇಷ್ಟ್ರು ಮಾಡಿದರೆ ನನ್ನ ಹೊರೆ ಇಳಿಯುತ್ತದೆ ಎಂದಿದ್ದೀರಿ. ವಾರಕ್ಕೊಮ್ಮೆ ಆಟ ಆಡಿಸಲಿ, ಸಂತೋಷ. ತಮ್ಮನ ತಪ್ಪು ತಿದ್ದುವ ಅಧಿಕಾರ ಮಾತ್ರ ಕೊಡಬೇಡಿ. ಮೂರು ವರ್ಷಕ್ಕೆ ಹಿರಿಯಳಾದ ಅಕ್ಕ ತಿದ್ದಿದರೆ ಹತ್ತು ವರ್ಷದ ಹುಡುಗನಿಗೆ ಆಗುವ ಅವಮಾನ ಅಮ್ಮ ತಿದ್ದಿದರೆ ಆಗುವುದಿಲ್ಲ.

ಹೊತ್ತಿನ ಲೆಕ್ಕ: ಒಟ್ಟಿಗಿನ ಪಾಠ ವಾರಕ್ಕೆ 100 ನಿಮಿಷ, ನಡುವಿನವನ ಚೀಟಿಗಳಿಗೆ ನಾಲ್ಕು ದಿನ ಹತ್ತತ್ತು ನಿಮಿಷ, ದೊಡ್ಡವಳ ಜೊತೆ ವಾರಕ್ಕೊಮ್ಮೆ ಅರ್ಧ ಗಂಟೆ. ಉಳಿದದ್ದು ಅವಳು ತಾನೇ ಮಾಡಿಕೊಳ್ಳಲಿ. ಎಲ್ಲ ಸೇರಿ 170 ನಿಮಿಷ, ಈಗಿನದಕ್ಕಿಂತ 50 ಮಾತ್ರ ಹೆಚ್ಚು. ಗಣಿತದ ಹೊತ್ತಿಗೆ ಧಕ್ಕೆಯಿಲ್ಲ. ಹಬ್ಬದ ವಾರ, ನೆಂಟರ ವಾರ ಎಲ್ಲವನ್ನೂ ಬಿಟ್ಟು ಚೀಟಿಯ ಡಬ್ಬವನ್ನಷ್ಟೇ ಉಳಿಸಿಕೊಳ್ಳಿ.

ಪರೀಕ್ಷೆಯ ಬಗ್ಗೆ ಕೇಳಿದ್ದೀರಿ. ಮುಂದೆ ದೊಡ್ಡವಳನ್ನು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿಗೆ ಕಟ್ಟಿಸುವ ಯೋಚನೆ ನಿಮಗಿದೆ. ಅದಕ್ಕೆ 14 ತುಂಬಿರಬೇಕು. ಆ ಓದು ಶುರುವಾದರೆ ಜಪಾನಿಗೆ ಹೊತ್ತು ಸಿಗುವುದು ಕಷ್ಟ. ಹಾಗಾಗಿ ಅವಳ ವೇಗ ಈ ವರ್ಷವೇ ಏರಲಿ. ಜಪಾನಿ ಸಾಮರ್ಥ್ಯ ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರವಿದೆ. ಮೊದಲ ಮೆಟ್ಟಿಲಾದ ಎನ್5ಕ್ಕೆ ಜುಲೈ ಬಿಟ್ಟು ಮುಂದಿನ ಡಿಸೆಂಬರ್ ಹಿಡಿಯಿರಿ. ಆ ಪರೀಕ್ಷೆಯಲ್ಲಿ ಮಾತಾಡಿಸುವುದಿಲ್ಲ, ಕೈಯಲ್ಲಿ ಬರೆಸುವುದೂ ಇಲ್ಲ, ಉತ್ತರ ಗುರುತಿಸಿದರೆ ಮುಗಿಯಿತು ಎಂಬುದು ನಿಮಗೆ ಗೊತ್ತೇ ಇದೆ. ಪಾಸಾದವರೆಲ್ಲ ಬಾಯಿ ಬಿಡಬಲ್ಲರು ಎಂದೇನಿಲ್ಲ. ಆದ್ದರಿಂದ ಪರೀಕ್ಷೆಯ ತಯಾರಿ ಎಷ್ಟೇ ಇದ್ದರೂ ಅವಳನ್ನು ಒಟ್ಟಿಗಿನ 20 ನಿಮಿಷದಿಂದ ತಪ್ಪಿಸಬೇಡಿ.

ಕಿರಿಯವಳನ್ನೂ ಜೊತೆಗೆ ಕೂರಿಸಬಹುದೇ ಎಂದಿದ್ದೀರಿ. ವಯಸ್ಸಿನ ಮಿತಿ ಇಲ್ಲ, ಕೂರಿಸಬಹುದು. ಬೇಡ.

— ಸಂಪಾದಕ