ಮನೆಯ ವೈಫೈ ಪರೀಕ್ಷೆ: ‘ಕೀ ನಾಟ್ ಫೌಂಡ್’ ಬಂದ್ರೆ ಪಾಸ್‌ವರ್ಡ್ ಗಟ್ಟಿ ಅಂತಾನಾ?

ಸಾಗರದ ನಿಮ್ಮ ಮನೆಯ ವೈಫೈ ಹ್ಯಾಂಡ್‌ಶೇಕ್ (ಫೋನು ವೈಫೈಗೆ ಸೇರುವಾಗ ರೂಟರ್ ಜೊತೆ ಆಡುವ ಸಂದೇಶಗಳು) ಹಿಡಿದು, ರಾಕ್‌ಯೂ ಅನ್ನೋ ಸೋರಿದ ಪಾಸ್‌ವರ್ಡ್‌ಗಳ ಪಟ್ಟಿ ಪೂರ್ತಿ ಅದರ ಮೇಲೆ ಓಡಿಸಿದ್ದೀರಿ. ಕೊನೆಗೆ ಬಂದದ್ದು ‘ಕೀ ನಾಟ್ ಫೌಂಡ್’, ಅಂದ್ರೆ ಪಟ್ಟಿಯ ಯಾವ ಪದವೂ ಹೊಂದಲಿಲ್ಲ ಅಂತ. ಪಾಸ್‌ವರ್ಡ್ ಗಟ್ಟಿ ಇದೆಯಾ, ನಾನೇ ಎಲ್ಲೋ ಎಡವಿದೆನಾ ಅಂತ ಕೇಳಿದ್ದೀರಿ. ಎರಡಕ್ಕೂ ಅದೇ ಸಾಲು ಬರುತ್ತೆ, ಅದೇ ತೊಂದರೆ.

ಮೊದಲು ಒಂದು ಹೊಸ ಫೈಲ್ ಮಾಡಿ, ಅದರಲ್ಲಿ ನಿಮ್ಮ ನಿಜವಾದ ಪಾಸ್‌ವರ್ಡನ್ನೇ ಬರೆದು, ಪಟ್ಟಿಯ ಬದಲು ಅದನ್ನು ಓಡಿಸಿ. ಮನೆ ನಿಮ್ಮದೇ, ಪಾಸ್‌ವರ್ಡ್ ಗೊತ್ತೇ ಇದೆ ಅಲ್ವಾ? ಸಿಕ್ಕಿತು ಅಂದ್ರೆ ಹಿಡಿದದ್ದು ಸರಿ ಇದೆ, ಪಟ್ಟಿಯಲ್ಲಿ ಆ ಪದ ಇರಲಿಲ್ಲ ಅಷ್ಟೇ. ಆಗಲೂ ಸಿಗದಿದ್ರೆ ಹಿಡಿದದ್ದೇ ಕೆಟ್ಟಿದೆ. ಇನ್ನೆಷ್ಟು ದೊಡ್ಡ ಪಟ್ಟಿ ತಂದ್ರೂ ಸುಮ್ನೆ ಕರೆಂಟ್ ದಂಡ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ನಾನೂ ಎರಡು ದಿನ ಹೀಗೇ ಒದ್ದಾಡಿದ್ದೆ. ರೂಟರ್ ಜಗಲಿಯಲ್ಲಿ, ಲ್ಯಾಪ್‌ಟಾಪ್ ಹಿಂದಿನ ಕೋಣೆಯಲ್ಲಿ, ನಡುವೆ ದಪ್ಪ ಜಂಬಿಟ್ಟಿಗೆ ಗೋಡೆ. ಸಿಗ್ನಲ್ಲೇ ಕಡಿಮೆ ಅಂದ್ಕೊಂಡಿದ್ದೆ. ಹ್ಯಾಂಡ್‌ಶೇಕ್‌ನಲ್ಲಿ ನಾಲ್ಕು ಸಂದೇಶ ಇರುತ್ತವೆ, ನನಗೆ ಸಿಕ್ಕಿದ್ದು ಮೊದಲ ಎರಡು. ಪಾಸ್‌ವರ್ಡ್ ಹೊಂದುತ್ತಾ ಅಂತ ಲೆಕ್ಕ ಹಾಕೋಕೆ ಎರಡೇ ಸಾಕು. ಆದ್ರೆ ಎರಡನೆಯದನ್ನು ಕಳಿಸಿದ್ದು ಅಪ್ಪಯ್ಯನ ಹಳೇ ಫೋನು! ನಾನು ಪಾಸ್‌ವರ್ಡ್ ಬದಲಿಸಿ ತಿಂಗಳಾಗಿತ್ತು, ಆ ಫೋನಿಗೆ ಹೊಸದು ಹಾಕಿರಲೇ ಇಲ್ಲ. ಅದು ಹಳೇದನ್ನೇ ಹಿಡ್ಕೊಂಡು ದಿನವಿಡೀ ಬಾಗಿಲು ತಟ್ಟುತ್ತಿತ್ತು. ರೂಟರ್ ಒಪ್ಪದೆ ಮೂರನೇ ಸಂದೇಶ ಕಳಿಸಿರಲಿಲ್ಲ. ಹಳೇ ಪಾಸ್‌ವರ್ಡ್ ಹಾಕಿ ನೋಡಿದ್ರೆ ಥಟ್ ಅಂತ ಸಿಕ್ಕಿತು.

ಹಾಗಾಗಿ ವೈರ್‌ಶಾರ್ಕ್‌ನಲ್ಲಿ (ಹಿಡಿದ ಸಂದೇಶಗಳನ್ನು ಬಿಡಿಸಿ ತೋರಿಸೋ ತಂತ್ರಾಂಶ) ನೀವು ಹಿಡಿದ ಫೈಲ್ ತೆರೆದು ಮೂರನೇ ಸಂದೇಶ ಇದೆಯಾ ನೋಡಿ. ಇಲ್ಲದಿದ್ರೆ ರೂಟರ್ ಪಕ್ಕವೇ ಕೂತು, ನಿಮ್ಮ ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಮತ್ತೆ ಹಿಡಿಯಿರಿ. ನಡುವೆ ವೈಫೈ ಹೆಸರು ಬದಲಿಸಿದ್ರೂ ಹೊಸದಾಗಿ ಹಿಡಿಯಬೇಕು. ಡಬ್ಲ್ಯುಪಿಎ2 ಅನ್ನೋ ವೈಫೈ ಭದ್ರತಾ ಪದ್ಧತಿಯಲ್ಲಿ ಪಾಸ್‌ವರ್ಡ್ ಜೊತೆ ಹೆಸರನ್ನೂ ಸೇರಿಸಿ 4096 ಸಲ ಅರೆದು ಕೀ ಮಾಡುತ್ತಾರೆ. ರೂಟರ್ ಅದರ ಮುಂದಿನ ಡಬ್ಲ್ಯುಪಿಎ3 ಮಾತ್ರದಲ್ಲಿದ್ರೆ ಈ ದಾರಿಯೇ ನಡೆಯಲ್ಲ, ಅದು ಒಳ್ಳೇದೇ.

ಇನ್ನು ಹಿಡಿದದ್ದು ಸರಿ ಇತ್ತು ಅಂತಾದ್ರೂ ಬೀಗಬೇಡಿ. ರಾಕ್‌ಯೂ ಪಟ್ಟಿ 2009ರಲ್ಲಿ ಅಮೆರಿಕದ ಕಂಪನಿಯೊಂದರಿಂದ ಸೋರಿದ್ದು, ಸುಮಾರು 1 ಕೋಟಿ 43 ಲಕ್ಷ ಪದ. ನಿಮ್ಮ ತೋಟದ ಹೆಸರು, ಮಗಳು ಹುಟ್ಟಿದ ವರ್ಷ ಸೇರಿಸಿದ ಪಾಸ್‌ವರ್ಡ್ ಅದರಲ್ಲಿ ಎಲ್ಲಿಂದ ಬರಬೇಕು? ಪಕ್ಕದ ಮನೆಯವರಿಗೆ ಆ ಎರಡೂ ಗೊತ್ತು. ಅಂಥ ಪದಗಳ ಪಟ್ಟಿ ನೀವೇ ಮಾಡಿ ಓಡಿಸಿ. ಮೊಬೈಲ್ ನಂಬರ್ ಇಟ್ಟಿದ್ರೆ ಅದೂ ಬೇಡ. 6ರಿಂದ 9ರೊಳಗಿನ ಅಂಕಿಯಲ್ಲಿ ಶುರುವಾಗೋ ಹತ್ತಂಕಿ ನಂಬರ್ ಒಟ್ಟು 400 ಕೋಟಿ. ಸೆಕೆಂಡಿಗೆ 5 ಸಾವಿರ ನೋಡೋ ಸಾಧಾರಣ ಲ್ಯಾಪ್‌ಟಾಪ್‌ಗೂ ಒಂಬತ್ತು ದಿನದ ಕೆಲಸ, ಗ್ರಾಫಿಕ್ಸ್ ಕಾರ್ಡ್ ಇದ್ರೆ ಕೆಲವೇ ಗಂಟೆ.

ಒಂದು ಸಾಲಿನ ಆ ಫೈಲ್ ಓಡಿಸಿ ಏನು ಬಂತು ಅಂತ ತಿಳಿಸಿ, ಮುಂದಿನದು ಆಮೇಲೆ ನೋಡೋಣ.